ತೋಟದ ತಲೆಯಲ್ಲಿರುವ ರಾಮಪತ್ರೆ ಜಡ್ಡಿ: ಗುರುತು, ನೀರು ಮತ್ತು ಸಾಯುತ್ತಿರುವ ಸಸಿಗಳು

ಪ್ರಶ್ನೆ: ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ ನಮ್ಮ ಅಡಿಕೆ ತೋಟವಿದೆ. ತೋಟದ ತಲೆಯ ಭಾಗದಲ್ಲಿ, ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಕಾಡು) ತಾಗಿಕೊಂಡು, ಸುಮಾರು ಅರ್ಧ ಎಕರೆಯಷ್ಟು ಕೆಸರು ನೆಲವಿದೆ. ಅಲ್ಲಿ ಶಿವರಾತ್ರಿ ಕಳೆದ ಮೇಲೂ ಕಾಲಿಟ್ಟರೆ ಹೂತುಹೋಗುತ್ತದೆ. ಮರಗಳ ಬೇರುಗಳು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿವೆ (ಚಿತ್ರಗಳನ್ನು ಲಗತ್ತಿಸಿದ್ದೇನೆ). ಇದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆಯ ಕುಟುಂಬದ ಮರಗಳಿರುವ ಕೆಸರುಕಾಡು, ಎಂದು ಕೆಲವರು ಹೇಳುತ್ತಾರೆ. ಬಸಿಗಾಲುವೆ ತೆಗೆದರೆ ತೋಟವನ್ನು ಅಷ್ಟು ವಿಸ್ತರಿಸಬಹುದು ಎಂಬುದು ಮನೆಯಲ್ಲಿ ಕೆಲವರ ಅಭಿಪ್ರಾಯ. ಅದು ನಿಜಕ್ಕೂ ಜಡ್ಡಿಯೇ ಎಂದು ತಿಳಿಯುವುದು ಹೇಗೆ? ನಮ್ಮ ಮನೆಗೆ ಗುಡ್ಡದ ಒರತೆಯಿಂದ ಹರಿದು ಬರುವ ಅಬ್ಬಿ ನೀರಿಗೂ ಅದಕ್ಕೂ ಸಂಬಂಧವಿದೆಯೇ? ಅಲ್ಲಿ ಮರಗಳು ಹೆಚ್ಚಲಿ ಎಂದು ನರ್ಸರಿಯಿಂದ ತಂದು ನೆಟ್ಟ ರಾಮಪತ್ರೆ ಸಸಿಗಳು ಪ್ರತಿ ವರ್ಷ ಸಾಯುತ್ತಿರುವುದೇಕೆ?

ಉತ್ತರ: ನಿಮ್ಮ ವಿವರಣೆಯನ್ನೂ ಚಿತ್ರಗಳನ್ನೂ ನೋಡಿದರೆ ಅದು ರಾಮಪತ್ರೆ ಜಡ್ಡಿಯಾಗಿರುವ ಸಾಧ್ಯತೆ ಬಹಳ ಹೆಚ್ಚು. ನೀವು ಚಿತ್ರ ತೆಗೆದಿರುವುದು ಮರ ಮತ್ತು ಬೇರುಗಳನ್ನು. ನನಗೆ ಅವುಗಳಿಗಿಂತ ಮಹತ್ವದ್ದಾಗಿ ಕಂಡದ್ದು ಶಿವರಾತ್ರಿ ಕಳೆದ ಮೇಲೂ ಕಾಲು ಹೂತುಹೋಗುತ್ತದೆ ಎಂದು ನೀವು ಸಹಜವಾಗಿ ಬರೆದಿರುವ ಮಾತು. ಮಳೆಗಾಲದಲ್ಲಿ ಕೆಸರಾಗುವ ಜಾಗಗಳು ಮಲೆನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಮಳೆ ನಿಂತು ನಾಲ್ಕೈದು ತಿಂಗಳಾದರೂ ನೀರು ನಿಲ್ಲದೆ, ಆದರೆ ಹರಿದೂ ಹೋಗದೆ, ನಿಧಾನವಾಗಿ ಜಿನುಗುತ್ತಲೇ ಇರುವ ನೆಲ ಮಾತ್ರ ಅಪರೂಪ. ಜಡ್ಡಿಯನ್ನು ಜಡ್ಡಿಯಾಗಿಸುವುದು ಆ ನೀರಿನ ನಡೆ. ಅಲ್ಲಿನ ಮರಗಳು ಅದರ ಫಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ.

ಮೊದಲು ಗುರುತಿನ ವಿಷಯ. ರಾಮಪತ್ರೆಯ ಕುಟುಂಬಕ್ಕೆ ಸೇರಿದ ಮರ ಕಂಡಲ್ಲೆಲ್ಲ ಜಡ್ಡಿ ಇರುತ್ತದೆ ಎಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಜಾಯಿಕಾಯಿಯೂ ಸೇರಿದಂತೆ ಈ ಕುಟುಂಬದ ಮರಗಳು ಸಂಪಿಗೆ ಮತ್ತು ಸೀತಾಫಲಗಳ ದೂರದ ಬಂಧುಗಳು. ಹೂಬಿಡುವ ಸಸ್ಯಗಳಲ್ಲಿ ಬಹಳ ಹಿಂದೆಯೇ ಕವಲೊಡೆದ ಗುಂಪು ಇದು. ನಮ್ಮ ಘಟ್ಟದಲ್ಲಿ ಇದರ ಐದು ಮರಗಳು ಪ್ರಮುಖವಾಗಿ ಕಾಣಸಿಗುತ್ತವೆ. ಅವುಗಳಲ್ಲಿ ರಕ್ತಮರ ಎಂದು ಕರೆಯುವ ನೀಮಾ ಅಟೆನ್ಯುಯೇಟಾ ಮತ್ತು ಕಾಡು ಜಾಯಿಕಾಯಿಯಾದ ಮಿರಿಸ್ಟಿಕಾ ಡ್ಯಾಕ್ಟಿಲಾಯ್ಡಿಸ್ ಇಳಿಜಾರಿನ ಒಣ ನೆಲದಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ಪೇಟೆಯಲ್ಲಿ ಮಾರಾಟವಾಗುವ ರಾಮಪತ್ರೆಯನ್ನು (ಬೀಜವನ್ನು ಸುತ್ತಿರುವ ಹೊದಿಕೆ) ಕೊಡುವ ಮಿರಿಸ್ಟಿಕಾ ಮಲಬಾರಿಕಾ ಹಳ್ಳದ ಬದಿಯನ್ನು ಇಷ್ಟಪಡುತ್ತದೆಯಾದರೂ ಕೆಸರಿಗೆ ಕಟ್ಟುಬಿದ್ದ ಮರವಲ್ಲ. ಕೆಸರನ್ನು ಬಿಟ್ಟು ಬದುಕಲಾರದವು ಉಳಿದ ಎರಡು: ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಪಿಂಡಿ ಎಂಬ ಹೆಸರಿರುವ ಜಿಮ್ನಾಕ್ರಾಂಥೆರಾ ಕೆನರಿಕಾ. ಜಡ್ಡಿಯ ಸಾಕ್ಷಿಗಳು ಇವೆರಡೇ.

ಇವನ್ನು ಗುರುತಿಸಲು ಕತ್ತಿಯಿಂದ ತೊಗಟೆಯನ್ನು ಕೆತ್ತಿ ಕೆಂಪು ರಸ ಬರುತ್ತದೆಯೇ ಎಂದು ನೋಡುವ ಪದ್ಧತಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ರಸ ಕೆಂಪಾಗಿದ್ದರೆ ಅದು ಈ ಕುಟುಂಬದ್ದು ಎಂದಷ್ಟೇ ತಿಳಿಯುತ್ತದೆ, ಯಾವ ಮರವೆಂದು ತಿಳಿಯುವುದಿಲ್ಲ, ಮರಕ್ಕೆ ಗಾಯ ಮಾತ್ರ ಉಳಿಯುತ್ತದೆ. ಬದಲಿಗೆ ಬುಡವನ್ನು ನೋಡಿ. ಮ್ಯಾಗ್ನಿಫಿಕಾದ ಕಾಂಡದಿಂದ ಊರುಗೋಲಿನಂತಹ ಬೇರುಗಳು ನೆಲದ ಮೇಲ್ಗಡೆಯಿಂದಲೇ ಹೊರಟು ಓರೆಯಾಗಿ ಕೆಸರಿಗಿಳಿಯುತ್ತವೆ. ಅದರ ಎಲೆ ಮೊಳದುದ್ದಕ್ಕೂ ಮೀರುವಷ್ಟು ದೊಡ್ಡದು, ಬಿದ್ದ ಎಲೆಯಿಂದಲೇ ಗುರುತು ಹಿಡಿಯಬಹುದು. ಪಿಂಡಿಯ ಎಲೆ ಚಿಕ್ಕದು, ಆದರೆ ನಿಮ್ಮ ಚಿತ್ರದಲ್ಲಿರುವ ಮೊಣಕಾಲು ಬೇರುಗಳು ಅದರವು. ಬೇರು ಕೆಸರಿನೊಳಗೆ ಅಡ್ಡಲಾಗಿ ಸಾಗಿ, ಒಂದೆಡೆ ಮೇಲೆದ್ದು ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಮುಂದೆ ಇನ್ನೊಂದೆಡೆ ಮತ್ತೆ ಏಳುತ್ತದೆ. ಹತ್ತಿರ ಕುಳಿತು ನೋಡಿದರೆ ಆ ಬಾಗಿನ ತೊಗಟೆಯ ಮೇಲೆ ಎಳ್ಳಿನ ಗಾತ್ರದ ಉಬ್ಬುಗಳು ಕಾಣುತ್ತವೆ. ಅವು ಉಸಿರುರಂಧ್ರಗಳು. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದರ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಆದ್ದರಿಂದ ನೀರು ತುಂಬಿದ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಸಾಯಬೇಕು. ಪಿಂಡಿಯ ಬೇರು ಸಾಯದಿರುವುದು ಈ ರಂಧ್ರಗಳ ಮೂಲಕ ಒಳಬಂದ ಗಾಳಿ ಬೇರಿನ ಒಳಗಿರುವ ಟೊಳ್ಳುಟೊಳ್ಳಾದ ಅಂಗಾಂಶದಲ್ಲಿ ಸಾಗಿ ಕೆಸರಿನಾಳದ ತುದಿಯವರೆಗೂ ತಲುಪುವುದರಿಂದ. ಈ ಕಾರಣಕ್ಕಾಗಿಯೇ ಮೊಣಕಾಲು ಬೇರುಗಳ ಮೇಲೆ ಮಣ್ಣು ಅಥವಾ ತೋಟದ ಕಸ ಸುರಿಯುವುದು, ನಡೆಯಲು ಅಡ್ಡಿ ಎಂದು ಅವನ್ನು ಕಡಿಯುವುದು, ಎರಡೂ ಮರಕ್ಕೆ ಮಾರಕ.

ಮರಗಳಿಗಿಂತ ನಂಬಲರ್ಹವಾದ ಸಾಕ್ಷಿಯೊಂದು ಮಣ್ಣಿನಲ್ಲಿದೆ. ಏಪ್ರಿಲ್ ತಿಂಗಳಲ್ಲಿ, ಮೊದಲ ಅಡ್ಡಮಳೆ ಬೀಳುವ ಮುಂಚೆ, ಜಡ್ಡಿಯ ಅಂಚಿನಲ್ಲಿ ಮೊಳದಾಳದ ಒಂದು ಗುಂಡಿ ತೋಡಿ ನೋಡಿ. ಮಣ್ಣು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಕೆಂಪು ಅಥವಾ ಕಂದಾಗಿದ್ದರೆ ಅಲ್ಲಿ ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುತ್ತದೆ ಎಂದರ್ಥ. ಮಣ್ಣು ಬೂದು ಬಣ್ಣಕ್ಕೆ ತಿರುಗಿ, ಬೇರುಗಳು ಸಾಗಿದ ಜಾಡಿನಲ್ಲಿ ಮಾತ್ರ ತುಕ್ಕಿನ ಗೆರೆಗಳಿದ್ದರೆ ಅದು ದೀರ್ಘಕಾಲದಿಂದ ನೀರಿನಲ್ಲಿ ನೆನೆದಿರುವ ನೆಲ. ಆಮ್ಲಜನಕವಿಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿಕೊಂಡು ಅದನ್ನು ಕರಗುವ ರೂಪಕ್ಕೆ ತರುತ್ತವೆ. ಮಣ್ಣಿನ ಕೆಂಪು ಬಣ್ಣ ನೀರಿನೊಂದಿಗೆ ಹೊರಟುಹೋಗುತ್ತದೆ. ಬೇರು ತಂದ ಅಲ್ಪ ಗಾಳಿಯ ಸಂಪರ್ಕ ಸಿಕ್ಕಲ್ಲಿ ಅದೇ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ನಿಮ್ಮ ಜಡ್ಡಿಯಿಂದ ನೀರು ಹೊರಬೀಳುವ ಜಾಗದಲ್ಲಿ ಕೆಂಪು ರಾಡಿಯೂ, ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂತಹ ಹೊಳಪಿನ ಪೊರೆಯೂ ಇರಬಹುದು. ಅದನ್ನು ಕಂಡು ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದು ಆತಂಕಪಡುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ: ಎಣ್ಣೆಯಾದರೆ ಸುರುಳಿಯಾಗಿ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆಯಾದರೆ ಚೂರುಚೂರಾಗಿ ಒಡೆದು ಹಾಗೆಯೇ ಉಳಿಯುತ್ತದೆ. ಗದ್ದೆಗಳಲ್ಲಿಯೂ ಈ ಪೊರೆ ಬರುವುದರಿಂದ ಇದೊಂದರಿಂದಲೇ ಜಡ್ಡಿ ಎಂದು ತೀರ್ಮಾನಿಸಬಾರದು. ಬೂದು ಮಣ್ಣು, ಏಪ್ರಿಲ್‌ನ ಜಿನುಗು ಮತ್ತು ಪಿಂಡಿಯ ಮೊಣಕಾಲು ಬೇರು, ಈ ಮೂರೂ ಒಂದೆಡೆ ಇದ್ದರೆ ಸಂಶಯಪಡುವ ಅಗತ್ಯವಿಲ್ಲ.

ಇಷ್ಟು ಚಿಕ್ಕ ತುಂಡಿಗೆ ಇಷ್ಟೊಂದು ಮಹತ್ವವೇಕೆ ಎಂದು ನಿಮ್ಮ ಮನೆಯವರು ಕೇಳಬಹುದು. ಈ ಬಗೆಯ ಕಾಡನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದ್ದು 1960ರಲ್ಲಿ, ಕೇರಳದ ತಿರುವಾಂಕೂರು ಭಾಗದಿಂದ. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಅರಣ್ಯಗಳನ್ನು ವರ್ಗೀಕರಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಕೊಲ್ಲಂ ಸುತ್ತಮುತ್ತಲಿನ ದಕ್ಷಿಣ ಕೇರಳದ ಜಡ್ಡಿಗಳನ್ನೆಲ್ಲ ಕೂಡಿಸಿದರೂ ಸುಮಾರು ಒಂದೂವರೆ ಚದರ ಕಿಲೋಮೀಟರ್ ಆಗುತ್ತದೆ. ಉತ್ತರ ಕನ್ನಡದಲ್ಲಿ ಅವು ಇನ್ನೂ ಚೂರುಚೂರಾಗಿ, ಕಣಿವೆಗಳ ತಳದಲ್ಲಿ ಚದುರಿಹೋಗಿವೆ. ಪರಿಸರ ವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು 1990ರ ದಶಕದಿಂದ ಇವನ್ನು ಹುಡುಕಿ ದಾಖಲಿಸುತ್ತ ಬಂದಿದ್ದರಿಂದಲೇ ನಮ್ಮ ಜಿಲ್ಲೆಯ ಜಡ್ಡಿಗಳ ಬಗ್ಗೆ ಇಷ್ಟಾದರೂ ತಿಳಿದಿದೆ. ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಇನ್ನೂ ಬೆರಳೆಣಿಕೆಯ ತುಂಡುಗಳಿವೆ. ಅದಕ್ಕಿಂತ ಉತ್ತರಕ್ಕೆ ಹೋದಂತೆ ಇವು ಸಿಗುವುದಿಲ್ಲ.

ಉತ್ತರಕ್ಕೆ ಹೋದಂತೆ ಏಕೆ ಕಡಿಮೆಯಾಗುತ್ತವೆ ಎಂಬುದರಲ್ಲಿಯೇ ನಿಮ್ಮ ಅರ್ಧ ಎಕರೆಯ ಬೆಲೆ ಅಡಗಿದೆ. ಪಶ್ಚಿಮ ಘಟ್ಟದ ಉದ್ದಕ್ಕೂ ಮಳೆಯ ಒಟ್ಟು ಪ್ರಮಾಣ ಹೆಚ್ಚೇ ಇದೆ. ನಿಮ್ಮ ಘಟ್ಟದಂಚಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಆದರೆ ದಕ್ಷಿಣ ಕೇರಳದಲ್ಲಿ ಎರಡು ಮೂರು ತಿಂಗಳಿರುವ ಒಣ ಅವಧಿ, ಉತ್ತರಕ್ಕೆ ಬಂದಂತೆ ಬೆಳೆಯುತ್ತ ಉತ್ತರ ಕನ್ನಡದಲ್ಲಿ ಐದಾರು ತಿಂಗಳಾಗುತ್ತದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಜೆ.ಪಿ. ಪಾಸ್ಕಲ್ ಅವರು 1980ರ ದಶಕದಲ್ಲಿ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ನಕ್ಷೆಗಿಳಿಸುವಾಗ, ಯಾವ ಮರ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಮಳೆಯ ಮೊತ್ತಕ್ಕಿಂತ ಈ ಒಣ ತಿಂಗಳುಗಳ ಸಂಖ್ಯೆಯ ಪಾತ್ರ ದೊಡ್ಡದು ಎಂದು ತೋರಿಸಿಕೊಟ್ಟರು. ದಕ್ಷಿಣದ ಮರವೊಂದು ನಮ್ಮ ಬೇಸಿಗೆಯನ್ನು ದಾಟಬೇಕಾದರೆ ಅದರ ಬೇರಿಗೆ ಮೇ ತಿಂಗಳವರೆಗೂ ನೀರು ಸಿಗಬೇಕು. ಅದು ಸಿಗುವುದು ಜಡ್ಡಿಯಲ್ಲಿ. ಹಾಗಾಗಿ ಉತ್ತರ ಕನ್ನಡದ ಜಡ್ಡಿ ಎಂದರೆ ಉದ್ದನೆಯ ಬೇಸಿಗೆಯ ನಡುವೆ ದಕ್ಷಿಣದ ಸಸ್ಯಗಳು ಉಳಿದುಕೊಂಡ ಕೊನೆಯ ತಾಣ.

ನಿಮ್ಮದೇ ತಾಲ್ಲೂಕಿನ ಕತ್ತಲೆಕಾನು ಇದಕ್ಕೆ ಅತ್ಯುತ್ತಮ ಉದಾಹರಣೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಇರುವ ಈ ಕಾಡಿನ ಜಡ್ಡಿಗಳಿಂದ ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಅವರು 2000ದಲ್ಲಿ ಗೇರಿನ ಕುಟುಂಬದ ಹೊಸ ಮರವೊಂದನ್ನು ವಿವರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಪ್ರತಿದಿನ ನೂರಾರು ವಾಹನಗಳು ಓಡಾಡುವ ರಸ್ತೆಯ ಬದಿಯಲ್ಲಿ, ಇಪ್ಪತ್ತನೆಯ ಶತಮಾನದ ಕೊನೆಯವರೆಗೂ, ಒಂದು ಹೆಮ್ಮರ ವಿಜ್ಞಾನಕ್ಕೆ ಗೊತ್ತಾಗದೆ ನಿಂತಿತ್ತು ಎಂಬುದನ್ನು ನೆನೆದರೆ ಈಗಲೂ ಸೋಜಿಗವೆನಿಸುತ್ತದೆ. ಅದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಇರುವ ಬೆರಳೆಣಿಕೆಯ ಮರಗಳಲ್ಲಿ ಒಂದು ಜಡ್ಡಿಯ ಗಂಡು ಮರ ಉರುಳಿದರೆ ಸುತ್ತಲಿನ ಹೆಣ್ಣು ಮರಗಳಿಗೆ ಕಾಯಿ ಕಟ್ಟುವುದೇ ಕಷ್ಟವಾಗಬಹುದು. ಕೇರಳಕ್ಕೆ ಸೀಮಿತವೆಂದು ಭಾವಿಸಲಾಗಿದ್ದ ಸೈಜೀಜಿಯಂ ಟ್ರಾವಂಕೋರಿಕಂ ಎಂಬ ನೇರಳೆ ಜಾತಿಯ ಮರ ಮತ್ತು ಇಪ್ಪೆಯ ಬಂಧುವಾದ ಮಧೂಕಾ ಬೌರ್ಡಿಲೋನಿಯೈ ಕೂಡ ಆಮೇಲೆ ಇದೇ ಪರಿಸರದಲ್ಲಿ ಸಿಕ್ಕವು. ಮೊದಲನೆಯದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಮರ. ಸಿಂಗಳೀಕಗಳಿಗೂ ಇದು ನೆಲೆಯಾಗಿದ್ದು, 2011ರಲ್ಲಿ ಈ ಪ್ರದೇಶವನ್ನು ಸೇರಿಸಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ನಿಮ್ಮ ಜಾಗದಲ್ಲಿ ಇವೆಲ್ಲ ಇವೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರೂ ಸರಿಯಾಗಿ ನೋಡದ ಜಡ್ಡಿಯಲ್ಲಿ ಏನಿದೆ ಎಂದು ನೋಡುವ ಮೊದಲೇ ಕಾಲುವೆ ತೋಡುವುದು ಆತುರವಾಗುತ್ತದೆ. ಒಂದು ಎಚ್ಚರಿಕೆ: ಗೇರಿನ ಕುಟುಂಬದ ಕಾಡುಮರಗಳ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುವುದು ನಿಮಗೆ ತಿಳಿದೇ ಇರುತ್ತದೆ, ಗುರುತಿಲ್ಲದ ಮರದ ಎಲೆ ಕಿತ್ತು ಪರೀಕ್ಷಿಸಲು ಹೋಗಬೇಡಿ.

ಇನ್ನು ಅಬ್ಬಿ ನೀರಿನ ಪ್ರಶ್ನೆ. ಇಲ್ಲಿ ನಾನು ಸ್ವಲ್ಪ ಎಚ್ಚರಿಕೆಯಿಂದ ಮಾತನಾಡಬೇಕು, ಏಕೆಂದರೆ ‘ಜಡ್ಡಿ ನೀರನ್ನು ಉತ್ಪಾದಿಸುತ್ತದೆ’ ಎಂಬ ಮಾತು ಭಾಷಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಯಾವ ಕಾಡೂ ನೀರನ್ನು ಉತ್ಪಾದಿಸುವುದಿಲ್ಲ. ಮರಗಳು ಬೇಸಿಗೆಯಲ್ಲಿ ನೀರು ಕುಡಿಯುತ್ತವೆ, ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ. ನಡೆಯುವುದು ಇಷ್ಟು: ಜಡ್ಡಿಯ ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಮಣ್ಣಿನೊಳಗೆ ಇಂಗಿ, ಸಡಿಲವಾದ ಮಣ್ಣಿನ ಪದರ ಮುಗಿದು ಗಟ್ಟಿ ಕಲ್ಲು ಎದುರಾಗುವಲ್ಲಿ ಪಕ್ಕಕ್ಕೆ ಸರಿದು, ಕಣಿವೆಯ ತಳದಲ್ಲಿ ಹೊರಬರುತ್ತದೆ. ಆ ತಳ ಹೆಚ್ಚು ಇಳಿಜಾರಿಲ್ಲದ್ದಾಗಿದ್ದು, ಬೇರುಗಳ ಹೆಣಿಗೆ, ಕೊಳೆತ ದರಕು (ಒಣಗಿ ಬಿದ್ದ ಎಲೆ) ಮತ್ತು ಕೆಸರು ನೀರಿನ ದಾರಿಗೆ ಅಡ್ಡಬಂದಾಗ ಅದು ಅಲ್ಲಿ ತಡೆದು ತಡೆದು ಸಾಗುತ್ತದೆ. ನೀರಿನ ಮೂಲ ಗುಡ್ಡ, ಅದನ್ನು ತಿಂಗಳುಗಟ್ಟಲೆ ಹಂಚಿ ಕೊಡುವುದು ಜಡ್ಡಿ. ನಿಮ್ಮ ಅಬ್ಬಿ ಜಡ್ಡಿಗಿಂತ ಕೆಳಗೆ, ಅದೇ ಕಣಿವೆಯಲ್ಲಿದ್ದರೆ, ಸಂಬಂಧ ಇದ್ದೇ ಇರುತ್ತದೆ. ಬೇರೆ ಕಣಿವೆಯಲ್ಲಿದ್ದರೆ ಇರಲಾರದು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿಯೇ ನಡೆದ ಅಳತೆಗಳಿವೆ. ಜಗದೀಶ ಕೃಷ್ಣಸ್ವಾಮಿ, ಮೈಕೆಲ್ ಬೊನೆಲ್ ಮತ್ತಿತರರು ಉತ್ತರ ಕನ್ನಡದ ಸಹಜ ಕಾಡು, ಬಳಕೆಯಿಂದ ಸವೆದ ಕಾಡು ಮತ್ತು ಅಕೇಶಿಯಾ ನೆಡುತೋಪುಗಳ ಜಲಾನಯನಗಳನ್ನು ಹೋಲಿಸಿದರು. ಸಹಜ ಕಾಡಿನಲ್ಲಿ ಮಳೆನೀರು ಹೆಚ್ಚು ಇಂಗಿ, ಮಳೆ ನಿಂತ ಮೇಲಿನ ಹರಿವು ಹೆಚ್ಚು ಕಾಲ ಉಳಿಯಿತು. ಸವೆದ ನೆಲದಲ್ಲಿ ಇಂಗುವುದಕ್ಕಿಂತ ಮೇಲೆ ಹರಿದುಹೋಗುವುದೇ ಹೆಚ್ಚಾಯಿತು. ಅಕೇಶಿಯಾ ನೆಟ್ಟ ಕಡೆ, ಇಂಗುವಿಕೆ ತುಸು ಸುಧಾರಿಸಿದರೂ, ವೇಗವಾಗಿ ಬೆಳೆಯುವ ಆ ಮರಗಳು ಕುಡಿಯುವ ನೀರಿನ ಲೆಕ್ಕವನ್ನೂ ಸೇರಿಸಿಕೊಳ್ಳಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡವೂ ಸ್ಥಳೀಯ ಜಾತಿಯ ಕಾಡು ಶೇ. 60ಕ್ಕಿಂತ ಹೆಚ್ಚಿರುವ ಜಲಾನಯನಗಳ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಕಾಡು ಹಾಳಾದ ಕಡೆ ಅವು ಬೇಗ ಬತ್ತುತ್ತವೆ ಎಂದು ತೋರಿಸಿದೆ. ಇವುಗಳಿಂದ ನಿಮಗೆ ಸಿಗುವ ಸೂಚನೆ, ಜಡ್ಡಿಯನ್ನು ಮಾತ್ರ ಬೇಲಿ ಹಾಕಿ ಉಳಿಸಿ ಮೇಲಿನ ಸೊಪ್ಪಿನ ಬೆಟ್ಟವನ್ನು ಬೋಳಾಗಿಸಿದರೆ, ಅಥವಾ ಅಲ್ಲಿ ಅಕೇಶಿಯಾ ತುಂಬಿದರೆ, ಜಡ್ಡಿ ತಾನಾಗಿಯೇ ಒಣಗುತ್ತದೆ ಎಂಬುದು.

ಸಂಬಂಧವನ್ನು ನೀವೇ ಅಳೆದು ನೋಡಲು ದೊಡ್ಡ ಉಪಕರಣಗಳು ಬೇಕಿಲ್ಲ. ಅಬ್ಬಿಯ ನೀರು ಹರಿದು ಬರುವ ದಬ್ಬೆಯ ಬಾಯಿಗೆ ಅಳತೆ ತಿಳಿದ ಒಂದು ಕೊಡ ಹಿಡಿದು, ಅದು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಮೊಬೈಲಿನಲ್ಲಿ ನೋಡಿ ಬರೆದಿಡಿ. ದೀಪಾವಳಿ ಕಳೆದ ನಂತರ ಮುಂಗಾರಿನವರೆಗೆ ವಾರಕ್ಕೊಮ್ಮೆ ಅದೇ ಹೊತ್ತಿಗೆ, ತೋಟಕ್ಕೆ ನೀರು ಬಿಡುವ ಮುಂಚೆ, ಹೀಗೆ ಮಾಡಿ. ಜೊತೆಗೆ ಜಡ್ಡಿಯಲ್ಲಿ ರಂಧ್ರ ಮಾಡಿದ ಒಂದು ಪಿ.ವಿ.ಸಿ. ಕೊಳವೆಯನ್ನು ಹೂತು, ಅದರೊಳಗಿನ ನೀರಿನ ಮಟ್ಟವನ್ನು ಕೋಲಿನಿಂದ ಅಳೆದು ಪಕ್ಕದಲ್ಲೇ ಬರೆಯಿರಿ. ಎರಡು ಬೇಸಿಗೆಗಳ ಲೆಕ್ಕ ಕೈಗೆ ಬಂದರೆ ನಿಮ್ಮ ಮನೆಯ ಚರ್ಚೆಗೆ ನನ್ನ ಮಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಸಿಗಾಲುವೆ ತೆಗೆದರೆ ಏನಾಗುತ್ತದೆ ಎಂಬುದನ್ನು ಬೇರೆಡೆ ಆಗಿರುವುದನ್ನು ನೋಡಿ ಹೇಳಬಹುದು. ನೀರಿನ ಮಟ್ಟ ಮೊದಲ ವರ್ಷದಲ್ಲಿಯೇ ಇಳಿಯುತ್ತದೆ. ಮರಗಳು ಕೂಡಲೇ ಸಾಯುವುದಿಲ್ಲ, ಮೋಸವಿರುವುದೇ ಅಲ್ಲಿ. ದೊಡ್ಡ ಪಿಂಡಿ ಮರಗಳು ಇನ್ನೂ ಹಲವು ದಶಕ ಹಸಿರಾಗಿಯೇ ನಿಲ್ಲಬಹುದು, ಮೊಣಕಾಲು ಬೇರುಗಳು ಒಣ ನೆಲದ ಮೇಲೆ ಅರ್ಥವಿಲ್ಲದಂತೆ ಎದ್ದು ನಿಂತಿರುತ್ತವೆ. ಕೆಳಗೆ ಒಂದು ಸಸಿಯೂ ಇರುವುದಿಲ್ಲ. ಬೂದು ಮಣ್ಣಿಗೆ ಗಾಳಿ ಸೇರಿದಾಗ ನೂರಾರು ವರ್ಷ ಕೊಳೆಯದೆ ಕೂಡಿಕೊಂಡಿದ್ದ ಸಾವಯವ ಅಂಶ ಬೇಗ ಕರಗಿಹೋಗುತ್ತದೆ. ಇತ್ತ ತೋಟದ ಲಾಭವೂ ಅಂದುಕೊಂಡಷ್ಟಿರುವುದಿಲ್ಲ. ಅಡಿಕೆಯ ಬೇರು ನಿಂತ ನೀರನ್ನು ಸಹಿಸುವುದಿಲ್ಲ ಎಂಬುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಕಣಿವೆಯ ತಳದಲ್ಲಿ, ಸದಾ ತೇವವಿರುವ, ಬಿಸಿಲು ಕಡಿಮೆ ಬೀಳುವ ಜಾಗದಲ್ಲಿ ಕಾಲುವೆಯನ್ನು ಪ್ರತಿ ವರ್ಷ ಆಳ ಮಾಡುತ್ತ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತ ಬೆಳೆಸುವ ಅರ್ಧ ಎಕರೆಗಾಗಿ, ಕೆಳಗಿರುವ ಇಡೀ ತೋಟದ ಬೇಸಿಗೆಯ ನೀರನ್ನು ಪಣಕ್ಕಿಡುವುದು ಲೆಕ್ಕಾಚಾರದಲ್ಲಿಯೂ ಸರಿಹೋಗುವುದಿಲ್ಲ. ಇದಲ್ಲದೆ ಜಾಗ ಸೊಪ್ಪಿನ ಬೆಟ್ಟದೊಳಗೆ ಬಂದರೆ ಅದು ಅರಣ್ಯ ಭೂಮಿ. ಅಲ್ಲಿ ನಿಮಗಿರುವುದು ಸೊಪ್ಪು, ದರಕುಗಳ ಸೌಲಭ್ಯವೇ ಹೊರತು ನೆಲದ ಸ್ವರೂಪ ಬದಲಿಸುವ ಹಕ್ಕಲ್ಲ. ಗಡಿಯನ್ನು ಸರ್ವೆ ನಕ್ಷೆಯಲ್ಲಿ ನೋಡಿಕೊಳ್ಳದೆ ಹಿಟಾಚಿ ತರಿಸಬೇಡಿ.

ಸಸಿಗಳು ಸಾಯುತ್ತಿರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ನರ್ಸರಿಯಲ್ಲಿ ರಾಮಪತ್ರೆ ಎಂದು ಸಿಗುವುದು ಸಾಮಾನ್ಯವಾಗಿ ಮಿರಿಸ್ಟಿಕಾ ಮಲಬಾರಿಕಾ. ಅದನ್ನು ತಂದು ವರ್ಷವಿಡೀ ಕೆಸರಿರುವ ಜಾಗದ ನಡುವೆ ನೆಟ್ಟರೆ ಬೇರು ಉಸಿರುಗಟ್ಟುತ್ತದೆ. ಅದನ್ನು ಜಡ್ಡಿಯ ಹೊರ ಅಂಚಿನಲ್ಲಿ, ನೀರು ನಿಲ್ಲದ ಆದರೆ ತೇವ ಆರದ ಜಾಗದಲ್ಲಿ ನೆಡಿ, ಬದುಕುತ್ತದೆ. ಕೆಸರಿನ ನಡುವಿಗೆ ಬೇಕಾದದ್ದು ಅಲ್ಲಿಯದೇ ಪಿಂಡಿ ಮತ್ತು ಮ್ಯಾಗ್ನಿಫಿಕಾ, ಮತ್ತು ಅವುಗಳ ಬೀಜ ಸಿಗುವುದು ನಿಮ್ಮ ಜಡ್ಡಿಯಲ್ಲೇ.

ಈ ಬೀಜಗಳ ಸ್ವಭಾವ ಭತ್ತ, ರಾಗಿಗಳ ಬೀಜದಂತಲ್ಲ. ಅವು ಒಣಗಿದರೆ ಸಾಯುತ್ತವೆ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಪಿಡುವ ಮಾತೇ ಇಲ್ಲ. ಕಾಯಿ ಎರಡು ಹೋಳಾಗಿ ಬಿರಿದು ಬೀಜ ಕೆಳಗೆ ಬಿದ್ದ ದಿನವೇ ಆರಿಸಿ, ಮೇಲಿನ ಪತ್ರೆಯನ್ನು ಬಿಡಿಸಿ, ನೆರಳಿನಲ್ಲಿ ಒದ್ದೆ ಮರಳು ಮತ್ತು ಜಡ್ಡಿಯ ಮಣ್ಣಿನ ಮಿಶ್ರಣದಲ್ಲಿ ಬಿತ್ತಬೇಕು. ಮೊಳಕೆಗೆ ಹಲವು ವಾರಗಳು ಹಿಡಿಯುತ್ತವೆ, ತಾಳ್ಮೆ ಬೇಕು. ಸಸಿ ಬೆಳೆದಂತೆ ಚೀಲವನ್ನು ಬರಿಯ ನೆಲದ ಮೇಲಿಡದೆ, ತಳ ಮುಳುಗುವಷ್ಟು ನೀರಿರುವ ತೊಟ್ಟಿಯಲ್ಲಿಟ್ಟು ಅಭ್ಯಾಸ ಮಾಡಿಸಿದರೆ ಹೊಸ ಬೇರುಗಳು ಕೆಸರಿಗೆ ಸಿದ್ಧವಾಗಿಯೇ ಹುಟ್ಟುತ್ತವೆ. ನೆಡುವಾಗ ಪೂರ್ಣ ಬಿಸಿಲಿರುವ ತೆರಪನ್ನು ಆರಿಸಬೇಡಿ. ಎಳೆಯ ಸಸಿಗಳಿಗೆ ಮೇಲೆ ಮರದ ನೆರಳು ಬೇಕು. ಒಂದೇ ಮರದ ಬೀಜಗಳನ್ನೇ ಎಲ್ಲೆಡೆ ನೆಡದೆ, ಸಿಕ್ಕಷ್ಟು ಬೇರೆ ಬೇರೆ ಹೆಣ್ಣು ಮರಗಳಿಂದ ತೆಗೆದುಕೊಳ್ಳಿ (ಈ ಕುಟುಂಬದಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ). ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಆರ್. ವಾಸುದೇವ ಮತ್ತು ಅವರ ಸಹೋದ್ಯೋಗಿಗಳು ಜಡ್ಡಿಯ ಅಪರೂಪದ ಮರಗಳ ಸಸಿ ಬೆಳೆಸಿ ಮರಳಿ ಕಾಡಿಗೆ ಸೇರಿಸುವ ಕೆಲಸ ಮಾಡಿದ್ದಾರೆ. ನಿಮಗೆ ಹತ್ತಿರದಲ್ಲಿಯೇ ಇರುವುದರಿಂದ ಬೀಜ ಬಿತ್ತುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ನನ್ನನ್ನು ಕೇಳಿದರೆ, ನೆಡುವುದಕ್ಕೂ ಮೊದಲು ಒಂದೆರಡು ವರ್ಷ ದನ, ಎಮ್ಮೆಗಳು ಜಡ್ಡಿಗಿಳಿಯದಂತೆ ತಡೆದು, ಅಲ್ಲಿಂದ ದರಕು ಗುಡಿಸುವುದನ್ನು ನಿಲ್ಲಿಸಿ ನೋಡಿ. ತಾಯಿಮರಗಳು ಇರುವ ಕಡೆ ಸಸಿಗಳು ಇಲ್ಲವೆಂದರೆ ಬಹಳ ಸಲ ಕಾರಣ ಬೀಜದ ಕೊರತೆಯಲ್ಲ, ಗೊರಸು ಮತ್ತು ಕಸಪೊರಕೆ. ಬಿದ್ದ ಬೀಜದ ಮೇಲೆ ಎಲೆಯ ಹೊದಿಕೆ ಇಲ್ಲದಿದ್ದರೆ ಅದು ಒಣಗಿಯೇ ಹೋಗುತ್ತದೆ. ಬೀಜವನ್ನು ದೂರ ಒಯ್ಯುವ ಕೆಲಸ ಮಂಗಟ್ಟೆ ಮತ್ತು ಕಾಡು ಪಾರಿವಾಳಗಳದ್ದು; ಅಷ್ಟು ದೊಡ್ಡ ಬೀಜವನ್ನು ನುಂಗಿ ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ಹಾಗೆಯೇ ಉಗುಳಬಲ್ಲ ಹಕ್ಕಿಗಳು ಬೇರೆ ಹೆಚ್ಚಿಲ್ಲ. ಅವು ಕೂರುವ ಎತ್ತರದ ಮರಗಳನ್ನು ಬೆಟ್ಟದಲ್ಲಿ ಉಳಿಸಿದರೆ ಸಸಿ ನೆಡುವ ನಿಮ್ಮ ಶ್ರಮ ಅಷ್ಟು ಕಡಿಮೆಯಾಗುತ್ತದೆ. ಇಲ್ಲದ ಕಡೆ ಹೊಸ ಜಡ್ಡಿಯನ್ನೇ ‘ನಿರ್ಮಿಸುವ’ ಯೋಜನೆಗಳ ಮಾತೂ ಈಚೆಗೆ ಕೇಳಿಬರುತ್ತಿದೆ. ಗುಂಡಿ ತೋಡಿ ನೀರು ನಿಲ್ಲಿಸಿ ಸಸಿ ನೆಟ್ಟರೆ ಕೆರೆಯ ದಂಡೆಯಲ್ಲಿ ಮರಗಳಾಗಬಹುದು. ಗುಡ್ಡದಿಂದ ಜಿನುಗಿ ಬಂದು ಹನ್ನೆರಡು ತಿಂಗಳೂ ಚಲಿಸುತ್ತಲೇ ಇರುವ ನೀರನ್ನು ಗುತ್ತಿಗೆ ಕೊಟ್ಟು ಮಾಡಿಸಲಾಗದು.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಮುಂದೆ ಎದುರಾಗಬಹುದಾದ ಒಂದು ವಿಷಯವೆಂದರೆ ಪತ್ರೆಯ ಕೊಯ್ಲು. ರಾಮಪತ್ರೆಗೆ ಒಳ್ಳೆಯ ಬೆಲೆ ಇದ್ದಾಗ, ಬಲಿಯುವ ಮೊದಲೇ ಕಾಯಿ ಇಳಿಸಲು ಕೊಂಬೆಗಳನ್ನೇ ಕಡಿದು ಕೆಡವುವವರು ಬರುತ್ತಾರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರವಾದ್ದರಿಂದ ಈ ಪೆಟ್ಟು ಬೀಳುವುದು ಹೆಣ್ಣು ಮರಗಳಿಗೇ. ಮರದ ಕೆಳಗೆ ಬಲೆ ಕಟ್ಟಿ ಬಿರಿದು ಬಿದ್ದದ್ದನ್ನು ಆರಿಸಿ, ಪತ್ರೆ ತೆಗೆದ ಬೀಜವನ್ನು ಅಲ್ಲಿಯೇ ಮರಳಿ ಹಾಕಿದರೆ ಆದಾಯವೂ ಬರುತ್ತದೆ, ಸಸಿಗೂ ಕೊರತೆಯಾಗುವುದಿಲ್ಲ. ಆದಾಯವೇ ಮುಖ್ಯವಾದರೆ ತೋಟದ ನಡುವಿನ ಒಣ ಜಾಗದಲ್ಲಿ ಹೆಣ್ಣು ಮರದ ಕಡ್ಡಿಯಿಂದ ಕಸಿ ಕಟ್ಟಿದ ರಾಮಪತ್ರೆ ಹಾಕಬಹುದು. ಬೀಜದ ಸಸಿಯಲ್ಲಿ ಗಂಡೋ ಹೆಣ್ಣೋ ಎಂದು ತಿಳಿಯಲು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಕಸಿಕಡ್ಡಿಯನ್ನು ಅಡ್ಡ ಕೊಂಬೆಯಿಂದ ತೆಗೆದರೆ ಗಿಡ ಅಡ್ಡಲಾಗಿಯೇ ಹರಡುತ್ತದೆ, ನೇರ ಚಿಗುರಿನಿಂದ ತೆಗೆದದ್ದು ನೇರ ಏಳುತ್ತದೆ ಎಂಬುದನ್ನು ಕಸಿ ಕಟ್ಟುವವರಿಗೆ ಮೊದಲೇ ಹೇಳಿ.

ಜಡ್ಡಿಯ ದಾಖಲೆಯ ಬಗ್ಗೆ ಕೊನೆಯದಾಗಿ: ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಜಾಗದ ಸರ್ವೆ ಸಂಖ್ಯೆ, ಅಲ್ಲಿನ ಮರಗಳು ಮತ್ತು ಬೇಸಿಗೆಯ ನೀರಿನ ಮಟ್ಟ ಸೇರಲಿ. ಜಡ್ಡಿಯ ಬದಿಯಲ್ಲಿ ಚೌಡಿಯ ಕಲ್ಲೋ ನಾಗರ ಬನವೋ ಇದ್ದರೆ ಅದನ್ನೂ ಬರೆಸಿ. ಗೋವಾದ ಸತ್ತರಿಯ ಜಡ್ಡಿ ಉಳಿದಿರುವುದು ದೇವರಕಾಡಾಗಿ, ಮತ್ತು ನಮ್ಮಲ್ಲಿಯೂ ಉಳಿದ ಹಲವು ತುಂಡುಗಳ ಹಿಂದೆ ಅಂಥದೇ ನಂಬಿಕೆ ಇದೆ. ಹೂ, ಕಾಯಿ ಮತ್ತು ಬೇರುಗಳ ಚಿತ್ರಗಳನ್ನು, ಎಲೆಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂದಿನ ಬೇಸಿಗೆಯ ಕೊನೆಗೆ ಕಳುಹಿಸಿಕೊಟ್ಟರೆ ಯಾವ ಯಾವ ಜಾತಿಗಳಿವೆ ಎಂಬುದನ್ನು ಖಚಿತವಾಗಿ ಬರೆದು ತಿಳಿಸುತ್ತೇನೆ.